ಶ್ರೀನಗರಕ್ಕೆ ಇನ್ನೊಂದು ದಿನ

ಶ್ರೀನಗರದಲ್ಲಿ ಒಂದು ಕಾಲಕ್ಕೆ ತೋಟಗಳೇ ಕಳವಾಗುತ್ತಿದ್ದವು. ತೋಟದ ಕಾಯಿಪಲ್ಲೆಯಲ್ಲ, ಮಣ್ಣು, ಬೇರು, ಬಳ್ಳಿ, ಹೀಚುಕಾಯಿ ಸಮೇತ ಇಡೀ ತೋಟ. ದಾಲ್ ಸರೋವರದಲ್ಲಿ ಬೆಳೆಯುವ ಜೊಂಡನ್ನು ನೀರಿನೊಳಗೆ ಕತ್ತರಿಸಿದರೆ ಅದರ ಬೇರು, ದಂಟು ಹೆಣೆದುಕೊಂಡು ಚಾಪೆಯಂತೆ ತೇಲುತ್ತದೆ. ಆ ಚಾಪೆಯ ಮೇಲೆ ಸರೋವರದ ಕಳೆ, ಕೆಸರನ್ನು ಗುಪ್ಪೆ ಗುಪ್ಪೆಯಾಗಿ ಹಾಕಿ, ಒಂದೊಂದು ಗುಪ್ಪೆಗೂ ಸೌತೆ, ಕರಬೂಜ, ಟೊಮೆಟೊ ಸಸಿ ಊರುವುದು ಇಲ್ಲಿನ ಹಳೆಯ ಬೇಸಾಯ. ತೋಟ ತೇಲಿಹೋಗದಂತೆ ಮೂಲೆಗಳಲ್ಲಿ ಗಳ ನೆಟ್ಟಿರುತ್ತಾರೆ. ರಾತ್ರಿ ಆ ಕಟ್ಟು ಬಿಡಿಸಿ, ದೋಣಿಗೆ ಬಿಗಿದು ಎಳೆದುಕೊಂಡು ಹೋದರೆ ಬೆಳಗಾಗುವಷ್ಟರಲ್ಲಿ ಒಬ್ಬನ ಸೌತೆ ತೋಟ ಇನ್ನೊಬ್ಬನ ಪಾಲು. 19ನೇ ಶತಮಾನದ ಕೊನೆಯಲ್ಲಿ ಕಾಶ್ಮೀರದ ಭೂಕಂದಾಯ ವ್ಯವಸ್ಥೆ ರೂಪಿಸಿದ ವಾಲ್ಟರ್ ಲಾರೆನ್ಸ್, 1895ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಈ ಕಳವನ್ನೂ ದಾಖಲಿಸಿದ್ದಾನೆ.

ತೋಟ ತೇಲುವ ಊರಿನಲ್ಲಿ ಸಂತೆಯೂ ತೇಲುತ್ತದೆ. ಬೇಸಿಗೆಯಲ್ಲಿ ನಸುಕಿನ ಐದು ಗಂಟೆಗೆಲ್ಲ ದಾಲ್‌ನ ಒಳಭಾಗದಲ್ಲಿ, ಜೊಂಡು ಮತ್ತು ವಿಲ್ಲೋ ಮರಗಳ ನಡುವಿನ ಬಯಲು ನೀರಿನಲ್ಲಿ ದೋಣಿಗಳು ಕೂಡತೊಡಗುತ್ತವೆ. ರೈತ ದೋಣಿಯ ಮೂತಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತಿರುತ್ತಾನೆ, ಕೈಯಲ್ಲಿ ವೀಳ್ಯದೆಲೆಯಾಕಾರದ ಹುಟ್ಟು. ಹಿಂದೆ ದೋಣಿಯ ತುಂಬ ಸೋರೆಕಾಯಿ, ಮೂಲಂಗಿ, ಬದನೆ, ಕಾಶ್ಮೀರಿಗಳು ದಿನಾ ಉಣ್ಣುವ ಹಾಖ್ ಸೊಪ್ಪು, ಕಟ್ಟು ಕಟ್ಟಾಗಿ ಜೋಡಿಸಿದ ನದ್ರು ಎಂಬ ತಾವರೆ ದಂಟು. ನಮ್ಮ ನವಿಲುಕೋಸು ಇಲ್ಲಿ ಮೊಂಜ್. ಗಡ್ಡೆಯನ್ನು ಎಲೆಯೊಂದಿಗೇ ಬೇಯಿಸುತ್ತಾರೆ. ದೋಣಿಗೆ ದೋಣಿ ಒತ್ತಿ ನಿಂತಾಗ ಚೌಕಾಸಿ ಶುರು. ಇದು ಸಗಟು ಸಂತೆ. ಕೊಳ್ಳುವವರು ಪಟ್ಟಣದ ಅಂಗಡಿಗಳಿಗೆ ಒಯ್ಯುವ ವ್ಯಾಪಾರಿಗಳು. ದರ ಕುದುರಿದೊಡನೆ ಸರಕು ಈ ದೋಣಿಯಿಂದ ಆ ದೋಣಿಗೆ ದಾಟುತ್ತದೆ. ಬಿಸಿಲು ಜಬರ್ವಾನ್ ಬೆಟ್ಟದ ನೆತ್ತಿ ದಾಟಿ ನೀರಿಗೆ ಇಳಿಯುವಷ್ಟರಲ್ಲಿ ಅಲ್ಲಿ ಸಂತೆ ನಡೆದ ಗುರುತೂ ಉಳಿದಿರುವುದಿಲ್ಲ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ಕಾಶ್ಮೀರಕ್ಕೆ ಹೊರಡುವ ಹೆಚ್ಚಿನವರು ಈ ಸಂತೆಯನ್ನು ನೋಡುವುದಿಲ್ಲ. ಐದಾರು ದಿನದ ಪ್ಯಾಕೇಜಿನಲ್ಲಿ ಶ್ರೀನಗರ ಎಂದರೆ ಇಳಿದ ದಿನ ಸಂಜೆ ಒಂದು ಗಂಟೆಯ ಶಿಕಾರಾ ಸವಾರಿ, ಎರಡು ಮೊಘಲ್ ತೋಟ, ಒಂದು ರಾತ್ರಿ ದೋಣಿಮನೆ. ಮರುದಿನ ಗುಲ್ಮಾರ್ಗ್, ಅದರ ಮರುದಿನ ಸೋನ್‌ಮಾರ್ಗ್, ಆಮೇಲೆ ಪಹಲ್ಗಾಮ್. ಹಿಮ ನೋಡುವ ಆಸೆ ಸಹಜವೇ. ಕರಾವಳಿಯಲ್ಲೋ ಬಯಲುಸೀಮೆಯಲ್ಲೋ ಬೆಳೆದವರಿಗೆ ಅಂಗೈ ಮೇಲೆ ಮಂಜು ಬೀಳುವುದು ಸಣ್ಣ ಸಂಗತಿಯಲ್ಲ. ಆದರೆ ಹಿಮ ಹಿಮಾಲಯದ ಬೇರೆಡೆಯೂ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿ, ಸುತ್ತ ಬೆಟ್ಟ, ನಡುವೆ ಸರೋವರ ಮತ್ತು ನದಿ ಇಟ್ಟುಕೊಂಡು ಸಾವಿರದೈನೂರು ವರ್ಷದಿಂದ ಬಾಳುತ್ತಿರುವ ಇಂಥ ನಗರ ಭಾರತದಲ್ಲಿ ಇನ್ನೊಂದಿಲ್ಲ.

ಊರಿನ ಹುಟ್ಟಿನ ಕತೆ ಕಲ್ಹಣನ ‘ರಾಜತರಂಗಿಣಿ’ಯಲ್ಲಿದೆ. 1148ರಿಂದ 1150ರ ನಡುವೆ ಬರೆದ ಈ ಸಂಸ್ಕೃತ ಕಾವ್ಯದ ಪ್ರಕಾರ ಮೊದಲ ಶ್ರೀನಗರಿಯನ್ನು ಕಟ್ಟಿಸಿದವನು ಅಶೋಕ. ಅದು ಇಂದಿನ ಊರಿಗೆ ಆಗ್ನೇಯದಲ್ಲಿರುವ ಪಾಂಡ್ರೆಥಾನ್; ‘ಪುರಾಣಾಧಿಷ್ಠಾನ’, ಅಂದರೆ ಹಳೆಯ ರಾಜಧಾನಿ ಎಂಬ ಮಾತು ಸವೆದು ಆ ಹೆಸರಾಗಿದೆ. ಈಗಿರುವ ಜಾಗದಲ್ಲಿ ನಗರ ಕಟ್ಟಿದವನು ಎರಡನೇ ಪ್ರವರಸೇನ, ಸುಮಾರು ಆರನೇ ಶತಮಾನದಲ್ಲಿ. ಅವನೇ ವಿತಸ್ತಾ ನದಿಗೆ ದೋಣಿಗಳನ್ನು ಸಾಲಾಗಿ ಕಟ್ಟಿ ದೊಡ್ಡ ಸೇತುವೆ ಮಾಡಿಸಿದ ಎಂದು ಕಲ್ಹಣ ಹೇಳುತ್ತಾನೆ. ವಿತಸ್ತಾ ಎಂದರೆ ಝೇಲಂ. ಕಾಶ್ಮೀರಿಗಳ ಬಾಯಲ್ಲಿ ಅದು ವ್ಯೆಥ್.

ಪ್ರವಾಸಿಯ ಕಣ್ಣಿಗೆ ಶ್ರೀನಗರವೆಂದರೆ ದಾಲ್. ಊರಿನವರಿಗೆ ಅದಕ್ಕಿಂತ ಮೊದಲು ಝೇಲಂ. ಹಳೆಯ ನಗರ ಬೆಳೆದದ್ದು ನದಿಯ ಎರಡು ದಡದಲ್ಲಿ. ಮನೆಗಳ ಮುಖ ನೀರಿನ ಕಡೆಗಿತ್ತು, ಬೆನ್ನು ಬೀದಿಗೆ. ದಡದ ಮೆಟ್ಟಿಲುಗಳಿಗೆ ಯಾರ್‌ಬಲ್ ಎನ್ನುತ್ತಾರೆ. ನೀರು ಹೊರುವ, ಬಟ್ಟೆ ಒಗೆಯುವ, ಸುದ್ದಿ ಹಂಚುವ ಜಾಗ ಅದು. ಅಕ್ಕಿ, ಸೌದೆ, ಮದುವೆ ದಿಬ್ಬಣ, ರಾಜನ ಸವಾರಿ ಎಲ್ಲವೂ ನೀರಿನ ಮೇಲೆಯೇ ಸಾಗುತ್ತಿದ್ದವು. ನದಿಯ ಮೇಲಿನ ಏಳು ಹಳೆಯ ಸೇತುವೆಗಳೇ ಮೊಹಲ್ಲಾಗಳ ಹೆಸರೂ ಆಗಿವೆ: ಅಮೀರಾ ಕದಲ್, ಹಬ್ಬಾ ಕದಲ್, ಫತೇ ಕದಲ್, ಜೈನಾ ಕದಲ್, ಆಲಿ ಕದಲ್, ನವಾ ಕದಲ್, ಸಫಾ ಕದಲ್.

ಕದಲ್ ಅಂದರೆ ಕಾಶ್ಮೀರಿಯಲ್ಲಿ ಸೇತುವೆ. ಎರಡು ಭಾಷೆಗೂ ನಂಟಿಲ್ಲ, ಆದರೂ ಕನ್ನಡದ ಕಿವಿಗೆ ‘ಕದಲು’ ಎಂದೇ ಕೇಳಿಸುತ್ತದೆ. ಹಳೆಯ ಕದಲ್‌ಗಳು ಕದಲುತ್ತಲೂ ಇದ್ದವು. ದೇವದಾರು ದಿಮ್ಮಿಗಳನ್ನು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಪೇರಿಸಿ, ನಡುವಿನ ಸಂದಿಗೆ ಕಲ್ಲು ತುಂಬಿ ಕಂಬ ಎಬ್ಬಿಸುತ್ತಿದ್ದರು. ನೀರು ದಿಮ್ಮಿಗಳ ನಡುವೆಯೇ ಹರಿದುಹೋಗುವುದರಿಂದ ನೆರೆ ಬಂದರೂ ಸೇತುವೆ ಎದೆಯೊಡ್ಡಿ ನಿಲ್ಲಬೇಕಾಗಿರಲಿಲ್ಲ, ಕೊಂಚ ಬಳುಕಿ ಉಳಿದುಕೊಳ್ಳುತ್ತಿತ್ತು. ಜೈನಾ ಕದಲ್ ಅನ್ನು 1427ರಲ್ಲಿ ಕಟ್ಟಿಸಿದವನು ಸುಲ್ತಾನ ಜೈನುಲ್ ಆಬಿದೀನ್. ಜನ ಅವನನ್ನು ಇಂದಿಗೂ ಬಡ್‌ಶಾಹ್, ದೊಡ್ಡ ದೊರೆ ಎಂದೇ ಕರೆಯುತ್ತಾರೆ. ‘ರಾಜತರಂಗಿಣಿ’ಯನ್ನು ಪರ್ಷಿಯನ್ನಿಗೆ ಅನುವಾದ ಮಾಡಿಸಿದವನೂ, ಕಲ್ಹಣ ನಿಲ್ಲಿಸಿದಲ್ಲಿಂದ ಚರಿತ್ರೆಯನ್ನು ಮುಂದುವರಿಸಲು ಜೋನರಾಜ ಎಂಬ ಪಂಡಿತನಿಗೆ ಆಶ್ರಯ ಕೊಟ್ಟವನೂ ಅವನೇ.

ನೀರು ಅನ್ನ ಕೊಟ್ಟಂತೆ ಊರನ್ನು ಮುಳುಗಿಸಿಯೂ ಇದೆ. ಕಣಿವೆಯ ನೀರೆಲ್ಲ ಹೊರಗೆ ಹೋಗಬೇಕಾದದ್ದು ಬಾರಾಮುಲ್ಲಾದ ಇಕ್ಕಟ್ಟಾದ ಕಣಿವೆಬಾಯಿಯಿಂದ. ಅಲ್ಲಿ ಬೆಟ್ಟದ ಬಂಡೆಗಳು ಉರುಳಿ ಬಿದ್ದರೆ ನದಿ ಹಿಂದಕ್ಕೆ ಉಬ್ಬಿ ಗದ್ದೆಗಳೆಲ್ಲ ಕೆರೆಯಾಗುತ್ತವೆ. 855ರಿಂದ 883ರವರೆಗೆ ಆಳಿದ ಅವಂತಿವರ್ಮನ ಕಾಲದಲ್ಲಿ ಸುಯ್ಯ ಎಂಬಾತ, ಇದಕ್ಕೆ ಉಪಾಯ ತನಗೆ ಗೊತ್ತು, ಹಣ ಮಾತ್ರ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ. ರಾಜ ಕರೆಸಿ ಖಜಾನೆ ತೆರೆದ. ಸುಯ್ಯ ದೋಣಿ ತುಂಬ ನಾಣ್ಯ ಹೇರಿಕೊಂಡು ಹೋಗಿ ಬಂಡೆ ಅಡ್ಡ ಬಿದ್ದಿದ್ದ ಕಡೆ ಹಿಡಿಹಿಡಿಯಾಗಿ ನೀರಿಗೆ ಎಸೆದ. ಹುಚ್ಚ ಎಂದರು ಆಸ್ಥಾನಿಕರು. ಹಸಿವಿನಿಂದ ಬಳಲಿದ್ದ ಹಳ್ಳಿಗರು ನಾಣ್ಯ ಹುಡುಕಲು ನೀರಿಗಿಳಿದು ಒಂದೊಂದೇ ಕಲ್ಲನ್ನು ಎತ್ತಿ ದಡಕ್ಕೆ ಹಾಕಿದರು. ನದಿ ತೆರವಾಯಿತು. ಆಮೇಲೆ ಅವನು ಒಡ್ಡು ಕಟ್ಟಿಸಿ, ಕಾಲುವೆ ತೋಡಿಸಿ, ಊರೂರಿಗೆ ನೀರು ಹಂಚಿದ. ಒಂದು ಖಾರಿ (ಹಳೆಯ ಅಳತೆ) ಅಕ್ಕಿಯ ಬೆಲೆ 200 ದೀನಾರದಿಂದ 36ಕ್ಕೆ ಇಳಿಯಿತು ಎಂದು ಕಲ್ಹಣ ಲೆಕ್ಕ ಕೊಡುತ್ತಾನೆ. ಸೇಬಿನ ಮಂಡಿಗೆ ಹೆಸರಾದ ಸೋಪೋರ್, ಸುಯ್ಯನ ಹೆಸರಿನ ಸುಯ್ಯಪುರವೇ.

ಈ ಹಳೆಯ ಕತೆ 2014ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ನೆನಪಾಗಬೇಕಿತ್ತು. ದಿನಗಟ್ಟಲೆ ಸುರಿದ ಮಳೆಗೆ ಝೇಲಂ ದಡ ಮೀರಿ ರಾಜ್‌ಬಾಗ್, ಲಾಲ್ ಚೌಕ್‌ಗೆ ನುಗ್ಗಿತು. ಜನ ಮೇಲಿನ ಅಂತಸ್ತುಗಳಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದರು. ಮಳೆ ಹೆಚ್ಚು ಬಿದ್ದದ್ದು ನಿಜ. ಆದರೆ ನೀರಿಗೆಂದು ಬಿಟ್ಟಿದ್ದ ಜಾಗವನ್ನು ಊರು ತಿಂದುಹಾಕಿತ್ತು ಎಂಬುದೂ ಅಷ್ಟೇ ನಿಜ. ನದಿ ಪಕ್ಕದ ಜೌಗು ಬಡಾವಣೆಯಾಯಿತು. ದಾಲ್ ನೀರನ್ನು ಹಳೆಯ ನಗರದ ನಡುವಿನಿಂದ ಹಾಯಿಸುತ್ತಿದ್ದ ನಾಲಾ ಮಾರ್ ಎಂಬ ಕಾಲುವೆಯನ್ನು 1970ರ ದಶಕದಲ್ಲಿ ಹೂತು ರಸ್ತೆ ಮಾಡಿದರು. ಇಂದು ನಾಲಾ ಮಾರ್ ರಸ್ತೆಯಲ್ಲಿ ಹೋಗುವ ಟ್ಯಾಕ್ಸಿಯಲ್ಲಿ ಕೂತವರಿಗೆ ತಾವು ಒಂದು ಜಲಮಾರ್ಗದ ಮೇಲೆ ಹೋಗುತ್ತಿದ್ದೇವೆಂದು ತಿಳಿಯುವ ಯಾವ ಗುರುತೂ ಇಲ್ಲ. ಶ್ರೀನಗರ ತನಗೆ ತಾನೇ ಮಾಡಿಕೊಂಡ ಗಾಯಗಳಲ್ಲಿ ಇದರಷ್ಟು ಆಳವಾದದ್ದು ಕಡಿಮೆ.

ಹಳೆಯ ನಗರವನ್ನು ಸ್ಥಳೀಯರು ಡೌನ್‌ಟೌನ್ ಎನ್ನುತ್ತಾರೆ, ಶೆಹರ್-ಎ-ಖಾಸ್ ಎಂದೂ. ನೋಡಬೇಕಾದ ಶ್ರೀನಗರ ಇಲ್ಲಿದೆ. ನೌಹಟ್ಟಾದ ಜಾಮಿಯಾ ಮಸೀದಿಯ ಒಳಗೆ ಕಾಲಿಟ್ಟರೆ ಕಾಡಿನೊಳಗೆ ಹೊಕ್ಕಂತೆ. 378 ಕಂಬಗಳು, ಒಂದೊಂದೂ ದೇವದಾರು ಮರದ ಕಾಂಡ. ಸುಲ್ತಾನ ಸಿಕಂದರ್ 1394ರಲ್ಲಿ ಶುರುಮಾಡಿದ ಈ ಮಸೀದಿ 1479, 1620 ಮತ್ತು 1674ರಲ್ಲಿ ಮೂರು ಸಲ ಬೆಂಕಿಗೆ ತುತ್ತಾಗಿ ಮೂರು ಸಲವೂ ಮತ್ತೆ ಎದ್ದಿತು. ಸಾಮಾನ್ಯವಾಗಿ ಮಸೀದಿಯೆಂದರೆ ಕಣ್ಣ ಮುಂದೆ ಬರುವ ಗುಮ್ಮಟ ಇಲ್ಲಿಲ್ಲ. ಬದಲಿಗೆ ಹಿಮ ಜಾರಿಬೀಳುವಂತೆ ಇಳಿಜಾರು ಚಾವಣಿ, ಅದರ ಮೇಲೆ ಚೂಪಾದ ಶಿಖರ. ಊರಿನ ಹವೆಯೇ ಕಟ್ಟಡದ ಆಕಾರ ತೀರ್ಮಾನಿಸಿದೆ.

ಫತೇ ಕದಲ್ ಮತ್ತು ಜೈನಾ ಕದಲ್ ನಡುವೆ ನದಿಗೇ ತಾಗಿದಂತೆ ಶಾಹ್ ಹಮದಾನ್ ಖಾನ್‌ಖಾಹ್ ಇದೆ. 14ನೇ ಶತಮಾನದಲ್ಲಿ ಇರಾನಿನ ಹಮದಾನಿನಿಂದ ಬಂದ ಸೂಫಿ ಮೀರ್ ಸಯ್ಯದ್ ಅಲಿ ಹಮದಾನಿ ನೆನಪಿನ ಮಂದಿರ ಅದು. ಕರಕುಶಲ ಕಲೆಗಳನ್ನು ಕಣಿವೆಗೆ ತಂದವರಲ್ಲಿ ಕಾಶ್ಮೀರಿಗಳು ನೆನೆಯುವ ಮೊದಲ ಹೆಸರು ಅವರದೇ. ಒಳಾಂಗಣಕ್ಕೆ ಎಲ್ಲರಿಗೂ ಪ್ರವೇಶವಿಲ್ಲ. ಆದರೆ ಬಾಗಿಲಲ್ಲಿ ನಿಂತೇ ಗೋಡೆ, ಚಾವಣಿಗಳ ಮೇಲಿನ ಹೂಬಳ್ಳಿ ಚಿತ್ರಗಳನ್ನು ನೋಡಬಹುದು. ಅದೇ ಕಟ್ಟಡದ ಬುಡದಲ್ಲಿ, ನದಿಯ ಕಡೆಗೆ, ಸಿಂಧೂರ ಬಳಿದ ಒಂದು ತಾಣವಿದೆ. ಇಲ್ಲಿನ ಹಿಂದೂಗಳಾದ ಕಾಶ್ಮೀರಿ ಪಂಡಿತರು ಅಲ್ಲಿ ಕಾಳಿಯನ್ನು ಪೂಜಿಸುತ್ತ ಬಂದಿದ್ದಾರೆ. ಹರಿ ಪರ್ವತದಲ್ಲೂ ಹೀಗೆಯೇ: ನೆತ್ತಿಯಲ್ಲಿ ಕೋಟೆ, ಇಳಿಜಾರಿನಲ್ಲಿ ಶಾರಿಕಾ ದೇವಿಯ ಗುಡಿ, ಮಖ್ದೂಮ್ ಸಾಹಿಬ್ ದರ್ಗಾ, ಬುಡದಲ್ಲಿ ಸಿಖ್ಖರ ಛಟ್ಟಿ ಪಾತಶಾಹಿ ಗುರುದ್ವಾರ. ಹೊರಗೋಡೆ ಅಕ್ಬರ್ ಕಟ್ಟಿಸಿದ್ದು.

ಇಷ್ಟು ಹೇಳಿ, ಹಬ್ಬಾ ಕದಲ್‌ನ ಬೀಗ ಹಾಕಿದ ಮನೆಗಳ ಮಾತೆತ್ತದೆ ಹೋಗಲಾಗದು. 1990ರಲ್ಲಿ ಶುರುವಾದ ವಲಸೆಯಲ್ಲಿ ಕಾಶ್ಮೀರಿ ಪಂಡಿತರು ಸಾವಿರಾರು ಸಂಖ್ಯೆಯಲ್ಲಿ ಈ ಮನೆಗಳನ್ನು ಬಿಟ್ಟುಹೋದರು. ಕೆಲವು ಮನೆಗಳ ಮರದ ಕಿಟಕಿಗಳು ಈಗ ನದಿಯ ಕಡೆಗೆ ಜೋತುಬಿದ್ದಿವೆ, ಕೆಲವು ಮಾರಾಟವಾಗಿವೆ, ಕೆಲವು ಕುಸಿದಿವೆ. ನಂತರದ ದಶಕಗಳಲ್ಲಿ ಬಂದೂಕು, ಕರ್ಫ್ಯೂಗಳ ನಡುವೆ ಇದೇ ಬೀದಿಗಳಲ್ಲಿ ಉಳಿದುಕೊಂಡ ಮುಸ್ಲಿಂ ಮನೆಗಳಲ್ಲೂ ಸಾವುನೋವು ಕಡಿಮೆಯಲ್ಲ. ಊರು ನೋಡಲು ಹೋದವರು ಅದರ ದುಃಖವನ್ನೂ ಒಂದಿಷ್ಟು ತಿಳಿದಿರಬೇಕು.

ಮನೆಗಳನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಜಾಣ್ಮೆ ಕಾಣುತ್ತದೆ. ಕಾಶ್ಮೀರ ಭೂಕಂಪದ ನಾಡು. ಇಲ್ಲಿ ಗೋಡೆ ಕಟ್ಟುವ ಎರಡು ಪದ್ಧತಿಗಳಿವೆ. ‘ತಾಕ್’ನಲ್ಲಿ ದಪ್ಪ ಇಟ್ಟಿಗೆ ಕಂಬಗಳ ನಡುವೆ, ಅಂತಸ್ತಿನಿಂದ ಅಂತಸ್ತಿಗೆ, ಏಣಿಯಂತೆ ಜೋಡಿಸಿದ ಮರದ ಪಟ್ಟಿಗಳನ್ನು ಅಡ್ಡಲಾಗಿ ಹಾಯಿಸುತ್ತಾರೆ. ಇನ್ನೊಂದು ‘ಧಜ್ಜಿ ದೀವಾರಿ’: ಮರದ ಚೌಕಟ್ಟು, ಅದರೊಳಗೆ ಓರೆಗೆ ಬಡಿದ ಪಟ್ಟಿಗಳು, ಪಟ್ಟಿಗಳ ನಡುವಿನ ಸಣ್ಣ ಸಣ್ಣ ಖಾನೆಗಳಿಗೆ ಇಟ್ಟಿಗೆ, ಮಣ್ಣಿನ ಗಾರೆ. ಪರ್ಷಿಯನ್ ಹೆಸರಿನ ಅರ್ಥ ತೇಪೆ ಬಟ್ಟೆಯ ಗೋಡೆ. ಉತ್ತರ ಕರ್ನಾಟಕದವರು ನೋಡಿದರೆ ಕೌದಿ ಗೋಡೆ ಎಂದೇ ಕರೆಯುತ್ತಾರೆ. ನೆಲ ನಡುಗಿದಾಗ ಒಂದು ಖಾನೆಯ ಇಟ್ಟಿಗೆ ಬಿರಿದರೂ ಬಿರುಕು ಪಕ್ಕದ ಖಾನೆಗೆ ದಾಟದೆ ಮರದ ಪಟ್ಟಿಗೆ ಬಂದು ನಿಲ್ಲುತ್ತದೆ. ಗೋಡೆ ಕಿರುಗುಟ್ಟುತ್ತ ಓಲಾಡಿ ಅಲುಗಾಟವನ್ನು ನುಂಗಿಕೊಳ್ಳುತ್ತದೆ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಹೊಸ ಕಾಂಕ್ರೀಟ್ ಕಟ್ಟಡಗಳು ಕುಸಿದ ಕಡೆಯೂ ಧಜ್ಜಿ ಮನೆಗಳು ನಿಂತದ್ದನ್ನು ಎಂಜಿನಿಯರುಗಳು ಗುರುತಿಸಿದರು. ಗಡಿಯಾಚೆ ಪುನರ್ನಿರ್ಮಾಣದ ಹೊಣೆ ಹೊತ್ತ ಪ್ರಾಧಿಕಾರ ಮರುವರ್ಷವೇ ಈ ಪದ್ಧತಿಗೆ ಮಾನ್ಯತೆ ಕೊಟ್ಟಿತು. ಶ್ರೀನಗರದಲ್ಲಿ ಮಾತ್ರ ಇಂಥ ಮನೆಗಳನ್ನು ಒಡೆದು ಕಾಂಕ್ರೀಟ್ ಮಾಡುವುದು ನಡೆದೇ ಇದೆ.

ಕನ್ನಡಿಗರಿಗೆ ಈ ಊರು ಪರಕೀಯವಲ್ಲ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಕ್ಕಳು ಶಾರದೆಯನ್ನು ಕಾಶ್ಮೀರದಲ್ಲಿ ನೆಲೆಸಿದವಳೆಂದೇ ಸ್ತುತಿಸುತ್ತ ಅಕ್ಷರ ಕಲಿಯುತ್ತಾರೆ. ಮೋಳಿಗೆ ಮಾರಯ್ಯ ಕಾಶ್ಮೀರದ ಅರಸೊತ್ತಿಗೆ ಬಿಟ್ಟು, ಮಡದಿ ಮಹಾದೇವಿಯೊಂದಿಗೆ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊರೆ ಮಾರುವ ಕಾಯಕ ಹಿಡಿದ ಎಂಬುದು ಶರಣ ಪರಂಪರೆಯ ಕಥನ. ಚರಿತ್ರೆಯಲ್ಲೂ ಗಟ್ಟಿಯಾದ ಎಳೆಯೊಂದಿದೆ. ಶ್ರೀನಗರದ ಹತ್ತಿರದ ಖೊನಮುಖ, ಇಂದಿನ ಖುನ್ಮೋಹ್, ಕವಿ ಬಿಲ್ಹಣನ ಹುಟ್ಟೂರು. ಕಾಶ್ಮೀರ ಬಿಟ್ಟು ಮಥುರಾ, ಕನೌಜ್, ಕಾಶಿ ಸುತ್ತಿ ಅವನು ಕಡೆಗೆ ಕಲ್ಯಾಣ ಸೇರಿದ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಪದವಿ ಕೊಟ್ಟ. ಆ ದೊರೆಯ ಮೇಲೆ ಬಿಲ್ಹಣ ಬರೆದ ‘ವಿಕ್ರಮಾಂಕದೇವಚರಿತ’ ಕರ್ನಾಟಕದ ಇತಿಹಾಸಕ್ಕೆ ದೊಡ್ಡ ಆಕರ. 18 ಸರ್ಗಗಳ ಕಾವ್ಯದ ಕೊನೆಯ ಸರ್ಗದಲ್ಲಿ ಅವನು ತನ್ನ ಕಣಿವೆಯನ್ನೂ ಶ್ರೀನಗರವನ್ನೂ ಹುಟ್ಟೂರನ್ನೂ ವರ್ಣಿಸಿದ್ದಾನೆ. ಅಂದರೆ ಶ್ರೀನಗರದ ಹಳೆಯ ವರ್ಣನೆಗಳಲ್ಲೊಂದು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದ ಆಸ್ಥಾನದಲ್ಲಿದ್ದ ಕವಿಯದು.

ಅತ್ತ ಶ್ರೀನಗರದಲ್ಲಿ 1089ರಿಂದ 1101ರವರೆಗೆ ಆಳಿದ ರಾಜ ಹರ್ಷನಿಗೆ ದಕ್ಷಿಣದ ರೀತಿನೀತಿಗಳ ಮೇಲೆ ವಿಪರೀತ ಮೋಹ. ಕರ್ಣಾಟದ ನಾಣ್ಯಗಳ ಮಾದರಿಯಲ್ಲಿ ಟಂಕ ಹೊರಡಿಸಿದ ಎಂದು ಕಲ್ಹಣ ಬರೆಯುತ್ತಾನೆ. ಆನೆಯ ಚಿತ್ರವಿರುವ ಹರ್ಷನ ನಾಣ್ಯಗಳು ಸಿಕ್ಕಿಯೂ ಇವೆ. ವಿಕ್ರಮಾದಿತ್ಯನ ರಾಣಿ ಚಂದಲೆಯ ಚಿತ್ರ ನೋಡಿ ಹರ್ಷ ಮರುಳಾದ ಕತೆಯನ್ನೂ ಕಲ್ಹಣ ವಿಸ್ತಾರವಾಗಿ ಹೇಳುತ್ತಾನೆ. ಕಲ್ಯಾಣದಲ್ಲಿ ಆನೆಯ ಮೇಲೆ, ರಾಜನ ಎದುರಲ್ಲೇ ಕೊಡೆ ಹಿಡಿಸಿಕೊಂಡು ಹೋಗುವಷ್ಟು ಗೌರವ ಪಡೆದಿದ್ದ ಬಿಲ್ಹಣನಿಗೆ, ಕವಿಗಳ ಮೇಲಿನ ಹರ್ಷನ ಔದಾರ್ಯದ ಸುದ್ದಿ ಕೇಳಿದಾಗ ತನ್ನ ವೈಭವ ಸಪ್ಪೆ ಎನಿಸಿತಂತೆ. ಸಾವಿರ ವರ್ಷದ ಹಿಂದೆ ಎರಡು ನಾಡುಗಳ ನಡುವೆ ಕಾವ್ಯ, ನಾಣ್ಯ, ಸುದ್ದಿ ಇಷ್ಟು ಸಲೀಸಾಗಿ ಓಡಾಡುತ್ತಿದ್ದವು.

ಮೊಘಲರ ತೋಟಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲ ಪ್ಯಾಕೇಜಿನಲ್ಲೂ ಅವು ಇವೆ. ಜಹಾಂಗೀರ್ 1619ರಲ್ಲಿ ಶಾಲಿಮಾರ್ ಮಾಡಿಸಿದ, ನೂರ್‌ಜಹಾನ್‌ಳ ಅಣ್ಣ ಆಸಫ್ ಖಾನ್ 1633ರಲ್ಲಿ ನಿಶಾತ್ ಮಾಡಿಸಿದ. ಹೂವಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದರ ಜೊತೆಗೆ ನೀರು ಎಲ್ಲಿಂದ ಬರುತ್ತದೆಂದು ಹಿಂತಿರುಗಿ ನೋಡಬೇಕು. ಬೆಟ್ಟದ ತೊರೆಯನ್ನು ತೋಟದ ನಡುಗಾಲುವೆಗೆ ತಿರುಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಇಳಿಜಾರಿನ ಒತ್ತಡದಿಂದಲೇ ಕಾರಂಜಿ ಚಿಮ್ಮಿಸಿ, ದಾಲ್ ಕಡೆಗೆ ಬಿಟ್ಟಿದ್ದಾರೆ. ಜಲಪಾತದ ಹಿಂದಿನ ಗೋಡೆಯಲ್ಲಿ ಸಣ್ಣ ಗೂಡುಗಳಿವೆ. ರಾತ್ರಿ ಅವುಗಳಲ್ಲಿ ದೀಪ ಇಟ್ಟರೆ ಬೆಳಕು ನೀರಿನ ಪರದೆಯ ಹಿಂದಿನಿಂದ ಮಿನುಗುತ್ತಿತ್ತು.

ದೋಣಿಮನೆಗಳ ಹಿಂದೆ ಭೂಮಿಯ ರಾಜಕೀಯವಿದೆ. ಡೋಗ್ರಾ ಅರಸರ ಕಾಲದಲ್ಲಿ ಹೊರಗಿನವರು ಕಾಶ್ಮೀರದಲ್ಲಿ ಜಮೀನು ಕೊಳ್ಳುವಂತಿರಲಿಲ್ಲ. ಬೇಸಿಗೆ ಕಳೆಯಲು ಬರುತ್ತಿದ್ದ ಬ್ರಿಟಿಷರು ನೀರಿನ ಮೇಲೆ ಮನೆ ಮಾಡಿಕೊಂಡರು. ಹಾಂಜಿ ಎಂಬ ಅಂಬಿಗ ಸಮುದಾಯದ ಸಂಸಾರದ ದೋಣಿ ‘ಡೂಂಗಾ’ವೇ ಬೆಳೆದು, ಅಖರೋಟು ಮರದ ಕೆತ್ತನೆ, ಖತಮ್‌ಬಂದ್ ಚಾವಣಿಗಳ ದೋಣಿಮನೆಯಾಯಿತು. ಖತಮ್‌ಬಂದ್ ಎಂದರೆ ಮರದ ಸಣ್ಣ ತುಂಡುಗಳನ್ನು ಮೊಳೆಯಿಲ್ಲದೆ ಒಂದರೊಳಗೊಂದು ಕೂರಿಸಿ ಮಾಡುವ ನಕ್ಷತ್ರ ವಿನ್ಯಾಸ. ಮಂಚದ ಮೇಲೆ ಮಲಗಿ ಚಾವಣಿ ನೋಡುತ್ತ ಒಂದು ಗಂಟೆ ಕಳೆಯಬಹುದು. ಹಾಗೆಯೇ ಸರೋವರದ ಆರೋಗ್ಯವನ್ನೂ ನೆನೆಯಬೇಕು. ಸುಮಾರು 18 ಚದರ ಕಿಲೋಮೀಟರಿನ ದಾಲ್‌ಗೆ ದೋಣಿಮನೆಗಳ ಕೊಳಚೆಯಷ್ಟೇ ಅಲ್ಲ, ನಗರದ ಚರಂಡಿ ನೀರೂ ಸೇರಿದೆ. ಶ್ರೀನಗರ ಮತ್ತು ಸುತ್ತಲಿನ ಜನಸಂಖ್ಯೆ 2011ರ ಜನಗಣತಿಯಲ್ಲೇ 12 ಲಕ್ಷ ದಾಟಿತ್ತು. ಕಳೆ ಕೊಯ್ಯುವ ಯಂತ್ರಗಳು ದಿನವೂ ನೀರಿನಲ್ಲಿ ಓಡಾಡುತ್ತವೆ. ಕಳೆಗೆ ಗೊಬ್ಬರವಾಗುವ ಕೊಳಚೆ ನಿಲ್ಲುವವರೆಗೆ ಅವು ಓಡಾಡುತ್ತಲೇ ಇರಬೇಕು.

ಡೌನ್‌ಟೌನ್‌ನ ಬೆಳಗು ಕಾಂದರ್‌ನ ಅಂಗಡಿಯಲ್ಲಿ ಶುರುವಾಗುತ್ತದೆ. ಕಾಂದರ್ ಎಂದರೆ ಮೊಹಲ್ಲಾದ ರೊಟ್ಟಿಗಾರ. ನೆಲದಲ್ಲಿ ಹೂತ ತಂದೂರಿನ ಪಕ್ಕ ಕೂತು, ಬೆರಳುಗಳಿಂದ ಸಾಲು ಗೆರೆ ಒತ್ತಿದ ಗಿರ್ದಾ ರೊಟ್ಟಿಯನ್ನು ಒಳಗೋಡೆಗೆ ಹಚ್ಚಿ, ಉಬ್ಬಿದೊಡನೆ ಕಬ್ಬಿಣದ ಸರಳಿನಿಂದ ತೆಗೆಯುತ್ತಾನೆ. ಜನ ಅಲ್ಲೇ ನಿಂತು ಊರ ಸುದ್ದಿ ಮಾತಾಡಿಕೊಂಡು ಬಿಸಿ ರೊಟ್ಟಿ ಒಯ್ಯುತ್ತಾರೆ. ಜೊತೆಗೆ ನೂನ್ ಚಾಯ್, ಸೋಡಾ ಹಾಕಿ ಕುದಿಸಿದ ಗುಲಾಬಿ ಬಣ್ಣದ ಉಪ್ಪಿನ ಚಹಾ. ಕಾಫಿಗೆ ಸಕ್ಕರೆ ಬೆರೆಸಿ ಬೆಳೆದ ನಾಲಗೆಗೆ ಮೊದಲ ಗುಟುಕು ವಿಚಿತ್ರ ಎನಿಸೀತು. ಬೆಣ್ಣೆ ಹಚ್ಚಿದ ರೊಟ್ಟಿಯನ್ನು ಅದ್ದಿ ತಿಂದರೆ ಉಪ್ಪು ಯಾಕೆಂದು ತಾನಾಗಿ ಅರ್ಥವಾಗುತ್ತದೆ. ಜೈನಾ ಕದಲ್ ಕಡೆಗೆ ನಡೆದರೆ ತಾಮ್ರ ಕುಟ್ಟುವ ಸದ್ದು ದೂರದಿಂದಲೇ ಕೇಳುತ್ತದೆ. ನಡುವೆ ಕೆಂಡದ ಕೊಳವೆಯಿರುವ ಸಮೋವರ್‌ಗಳು, ಮದುವೆ ಊಟದ ದೊಡ್ಡ ತಟ್ಟೆಗಳು ತಯಾರಾಗುವುದು ಇಲ್ಲಿ. ಯುನೆಸ್ಕೊ 2021ರಲ್ಲಿ ಶ್ರೀನಗರವನ್ನು ಕರಕುಶಲ ಕಲೆಗಳ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ವಿಶ್ವ ಕರಕುಶಲ ನಗರವೆಂಬ ಮನ್ನಣೆಯೂ ಬಂತು. ಶಾಲು, ಪೇಪಿಯೆ ಮಾಶೆ ಡಬ್ಬಿ ಕೊಳ್ಳುವವರು ಹೆದ್ದಾರಿ ಪಕ್ಕದ ಮಳಿಗೆ ಬಿಟ್ಟು ಈ ಬೀದಿಗಳಿಗೆ ಬಂದರೆ ದುಡ್ಡು ಕೈಕೆಲಸದವರಿಗೆ ಹತ್ತಿರವಾಗುತ್ತದೆ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ ಬಳಿಯ ಬೈಸರನ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಆ ಮನೆಗಳ ನೋವಿನ ಮುಂದೆ ಪ್ರವಾಸದ ಮಾತು ಹಗುರವಾಗಿ ಆಡುವಂಥದ್ದಲ್ಲ. ಹೊರಡುವ ಮುನ್ನ ಸರ್ಕಾರದ ಸೂಚನೆಗಳನ್ನು ನೋಡಿಕೊಂಡು ತೀರ್ಮಾನಿಸುವುದು ಒಳ್ಳೆಯದು. ಹೋಗುವವರಿಗೆ ಈಗ ರೈಲು ದಾರಿಯೂ ಇದೆ: ಅದೇ ವರ್ಷ ಜೂನ್ 6ರಂದು, ಚೆನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ಸೇತುವೆ ದಾಟಿ ಕಟ್ರಾದಿಂದ ಶ್ರೀನಗರಕ್ಕೆ ಹೋಗುವ ವಂದೇ ಭಾರತ್ ರೈಲಿಗೆ ಹಸಿರು ನಿಶಾನೆ ತೋರಿಸಲಾಯಿತು.

ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಟ್ಯೂಲಿಪ್, ಅಕ್ಟೋಬರ್ ಕೊನೆಯಲ್ಲಿ ಪಾಂಪೋರ್‌ನ ಕೇಸರಿ ಹೊಲ ಮತ್ತು ಕೆಂಪಾಗುವ ಚಿನಾರ್ ಎಲೆ, ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್ ಎಂಬ ಕಡುಚಳಿ. ಯಾವ ಕಾಲಕ್ಕೆ ಹೋದರೂ ಪ್ಯಾಕೇಜಿನವರ ಹತ್ತಿರ ಒಂದು ಮಾತು ಹೇಳಿ: ಹಿಮದ ಊರುಗಳಲ್ಲಿ ಒಂದನ್ನು ಬಿಡಿಸಿ, ಆ ದಿನವನ್ನು ಶ್ರೀನಗರಕ್ಕೇ ಕೊಡಿ. ನಸುಕಿಗೆ ದಾಲ್ ಸಂತೆ, ಆಮೇಲೆ ಕಾಂದರ್‌ನ ರೊಟ್ಟಿ, ಹಗಲಿಡೀ ಜೈನಾ ಕದಲ್‌ನಿಂದ ನದಿಗುಂಟ ನಡಿಗೆ. ಶುಕ್ರವಾರ ಬೇಡ, ಮಸೀದಿಯಲ್ಲಿ ನಮಾಜಿನ ಜನ ತುಂಬಿರುತ್ತಾರೆ. ಪ್ರಾರ್ಥನೆಯ ಜಾಗಗಳಲ್ಲಿ ತಲೆಗೆ ವಸ್ತ್ರ ಇರಲಿ. ತರಕಾರಿ ಸಂತೆ ಎರಡು ಗಂಟೆಯಲ್ಲಿ ಕರಗಿಹೋಗುತ್ತದೆ, ಆದ್ದರಿಂದ ದೋಣಿಯವರಿಗೆ ಹಿಂದಿನ ರಾತ್ರಿಯೇ ಹೇಳಿಡಿ.